ಬಂಕಾಪುರದ ಹದಿನೈದು ತಿಂಗಳು

ಹಂಸಭಾವಿಯಿಂದ ಬಂಕಾಪುರಕ್ಕೆ ಹೋಗುವವರು ದಾರಿಯಲ್ಲಿ ಹಾನಗಲ್ಲಿಗೆ ಇಳಿದು ಒಂದು ತಾಸು ಕಳೆದೇ ಮುಂದೆ ಹೋಗಬೇಕು ಎಂಬುದು ನನ್ನ ಹಟ. ತಾರಕೇಶ್ವರನ ದರ್ಶನವಾಗುತ್ತದೆ, ಮಂಟಪದ ಒಳಮಾಡಿನಲ್ಲಿ ತಲೆಕೆಳಗಾಗಿ ಅರಳಿದ ಕಲ್ಲಿನ ಕಮಲವನ್ನು ಕತ್ತು ನೋಯುವವರೆಗೆ ನೋಡಬಹುದು. ಆದರೆ ನಾನು ಇಳಿಯುವುದು ವೀರಗಲ್ಲಿನ ಸಲುವಾಗಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ದಂಡೆಯಲ್ಲಿ ಬೀಡುಬಿಟ್ಟಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ತಡೆದು ನಿಲ್ಲಿಸಿದ. ಬಲ್ಲಾಳನ ದಂಡು ಆ ಸಲ ಹಿಂದೆ ಸರಿಯಿತು. ಸೋಹಣಿ ಮಾತ್ರ ಕಾಳಗದಲ್ಲಿ ಮಡಿದ. ಮುಂದೆ ಹಾನಗಲ್ ಹೊಯ್ಸಳರ ಪಾಲಾಯಿತು, ಆ ಮಾತು ಬೇರೆ. ಎಂಟುನೂರು ವರ್ಷ ದಾಟಿದರೂ ಸೋಹಣಿ ಸತ್ತ ಬಗೆ ಕಲ್ಲಿನ ಮೇಲಿದೆ.

ನಮ್ಮ ಸೀಮೆಯವರು ಇದರಲ್ಲಿ ಎಂದೂ ಜಿಪುಣತನ ತೋರಿದವರಲ್ಲ. ದನ ಬಿಡಿಸಿ ತರಲು ಹೋಗಿ ಸತ್ತವನಿಗೆ ಕಲ್ಲು, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ ಕಲ್ಲು, ಗಡಿಜಗಳದಲ್ಲಿ ಬಿದ್ದವನಿಗೂ ಕಲ್ಲು. ಹಾನಗಲ್, ಹಿರೇಕೆರೂರು ತಾಲೂಕುಗಳಲ್ಲಿ ಕೆರೆಯ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಇಂಥ ಕಲ್ಲು ಕಾಣದೆ ನಾಲ್ಕು ಊರು ದಾಟುವುದು ಕಷ್ಟ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಓದಲು ಬಾರದವನಿಗೂ ಆ ಮೂರು ಪಟ್ಟಿ ಇಡೀ ಕಥೆ ಹೇಳುತ್ತವೆ.

ಇಷ್ಟು ಕಲ್ಲು ನಿಲ್ಲಿಸಿದ ಸೀಮೆಯಲ್ಲಿ ಒಂದು ವರ್ಷ ಮೂರು ತಿಂಗಳು ಕೋಟೆ ಬಿಟ್ಟುಕೊಡದೆ ಕಾದಾಡಿದ ಒಬ್ಬನ ಹೆಸರು ತಿಳಿಯಲು ನಾವು ಅವನ ವೈರಿಯ ಆಸ್ಥಾನದಲ್ಲಿ ಪಾರಸಿಯಲ್ಲಿ ಬರೆದ ಗ್ರಂಥವನ್ನೇ ತೆರೆಯಬೇಕು. ಆ ಕೋಟೆ ಬಂಕಾಪುರ. ಅವನು ವೇಲಪ್ಪರಾಯ.

ಹಾನಗಲ್ ಬಿಟ್ಟು ಬಂಕಾಪುರದ ಕಡೆ ಹೊರಟರೆ ನೆಲ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಧರ್ಮಾ ನದಿಯ ನೀರುಂಡ ಭತ್ತದ ಗದ್ದೆ, ಅಡಿಕೆ ತೋಟಗಳು ಹಿಂದೆ ಉಳಿಯುತ್ತವೆ. ಗೋವಿನಜೋಳ, ಹತ್ತಿ, ಶೇಂಗಾದ ಬಯಲು ತೆರೆದುಕೊಳ್ಳುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ಹೊಸಿಲಿನ ಮೇಲೆ ಬಂಕಾಪುರ ಕೂತಿದೆ. ಕರಾವಳಿಯ ರೇವುಗಳಿಂದ ಘಟ್ಟ ಹತ್ತಿ ಬಂದ ದಾರಿಗಳು ಬಯಲಿಗೆ ಇಳಿಯುವುದು ಈ ಸೀಮೆಯಲ್ಲೇ. ಬನವಾಸಿ ನಾಡನ್ನು ಆಳಬೇಕೆಂದವನಿಗೆ ಈ ಹೊಸಿಲು ಕೈಯಲ್ಲಿರಲೇಬೇಕು. ಐದು ರಾಜವಂಶಗಳು ಈ ಊರಿಗಾಗಿ ಯಾಕೆ ಹೊಡೆದಾಡಿದವು ಎಂದು ಕೇಳುವವರು ನಕಾಶೆಗಿಂತ ಮೊದಲು ಈ ರಸ್ತೆಯನ್ನು ನೋಡಬೇಕು.

ಈಗ ಕೋಟೆ ಎಂದರೆ ಪಾಳು. ಅಲ್ಲಲ್ಲಿ ಎದ್ದು ನಿಂತ ಗೋಡೆ, ಕುಸಿದ ಕೊತ್ತಲ, ಸುತ್ತ ಆಳವಾದ ಕಂದಕ. ಕಂದಕದ ತುಂಬ ಜಾಲಿ, ಮುಳ್ಳುಕಂಟಿ. ನಾನು ಹೋದ ಬೆಳಗ್ಗೆ ಮಂಜು ಇನ್ನೂ ಆರಿರಲಿಲ್ಲ. ದನಗಳಿಗೆ ಮೇವು ಹೊತ್ತು ಹೊರಟಿದ್ದ ಹಿರಿಯರೊಬ್ಬರು ನನ್ನನ್ನು ಕಂಡು ನಿಂತರು.

“ನವಲ ನೋಡಾಕ ಬಂದೀರೇನ್ರಿ?”

“ಕೋಟಿ ನೋಡಾಕ ಬಂದೀನಿ ಯಜ್ಜಾರ.”

“ಕೋಟಿ ಎಲ್ಲೈತಿ ಇನ್ನ? ಅರ್ಧಾ ಮಣ್ಣಾಗೇತಿ. ಕಂದಕದಾಗ ಮಾತ್ರ ಇಳೀಬ್ಯಾಡ್ರಿ ಮತ್ತ, ಮುಳ್ಳು ಭಾಳ ಅದಾವು.”

ಅವರು ಅತ್ತ ಹೋಗುತ್ತಿದ್ದಂತೆ ಮುಳ್ಳಿನೊಳಗಿಂದ ಒಂದು ಗಂಡು ನವಿಲು ಗೋಡೆಯ ಮೇಲೆ ಹಾರಿ ಕೂತು ಕೂಗಿತು. ಅದಕ್ಕೆ ಉತ್ತರವಾಗಿ ಕಂದಕದ ಉದ್ದಕ್ಕೂ ಒಂದರ ಹಿಂದೆ ಒಂದು ಕೂಗು ಎದ್ದವು. ಕಾವಲಿನವರು ಕೊತ್ತಲದಿಂದ ಕೊತ್ತಲಕ್ಕೆ ಹಾಕುತ್ತಿದ್ದ ಕೂಗು ಹೀಗೇ ಸಾಗುತ್ತಿದ್ದಿರಬೇಕು ಎನಿಸಿ ನನ್ನ ಮೈ ಜುಮ್ಮೆಂದಿತು.

ನಮ್ಮ ಕಡೆಯ ಉಳ್ಳವರು ಈಗ ರಾಜಸ್ಥಾನಕ್ಕೆ ಹೋಗಿ ಮರಳುಗಾಡಿನ ನಡುವಿನ ಕೋಟೆಗಳನ್ನು ನೋಡಿ ಬರುತ್ತಾರೆ. ಹೋಗಿ ಬರಲಿ, ನೋಡುವಂಥವೇ ಅವು. ಜೈಸಲ್ಮೇರಿನ ಕೋಟೆಯೊಳಗೆ ಇಂದಿಗೂ ಜನ ಒಕ್ಕಲಿದ್ದಾರೆ, 2013ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿತು. ರಾವಲ್ ಜೈಸಲ್ ಆ ಕೋಟೆಗೆ 1156ರಲ್ಲಿ ಅಡಿಗಲ್ಲು ಇಟ್ಟ ಎನ್ನುತ್ತಾರೆ. ಆ ಹೊತ್ತಿಗೆ ಬಂಕಾಪುರಕ್ಕೆ ಹತ್ತಿರ ಹತ್ತಿರ ಮುನ್ನೂರು ವರ್ಷ ವಯಸ್ಸಾಗಿತ್ತು.

ಊರಿಗೆ ಹೆಸರು ಕೊಟ್ಟವನು ಬಂಕೆಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸೇನಾಪತಿ, ಚೆಲ್ಲಕೇತನ ಮನೆತನದವನು. ನರಗುಂದದ ಕಡೆಯ ಕೊಣ್ಣೂರಿನ ಶಾಸನ ಅವನ ಸಾಹಸವನ್ನು ಬಿಡಿಸಿ ಹೇಳುತ್ತದೆ. ಗಂಗರ ಮೇಲೆ ದಂಡೆತ್ತಿ ಹೋಗಿ, ಏರಲು ಕಷ್ಟವಾದ ಕೇದಾಳದ ಕೋಟೆಯನ್ನು ಹಿಡಿದು, ಕಾವೇರಿಯನ್ನು ದಾಟಿದ್ದ. ಅಷ್ಟರಲ್ಲಿ ರಾಜಧಾನಿ ಮಾನ್ಯಖೇಟದಲ್ಲಿ ಒಳಜಗಳ ಎದ್ದಿತು, ಅರಸನಿಂದ ಕರೆ ಬಂತು. ಗೆಲುವನ್ನು ಅರ್ಧಕ್ಕೆ ಬಿಟ್ಟು ತಿರುಗಿ ಬಂದು ದಂಗೆ ಅಡಗಿಸಿದ. ಗೆದ್ದ ನೆಲಕ್ಕಿಂತ ಒಡೆಯನ ಕರೆ ದೊಡ್ಡದು ಎಂದುಕೊಂಡ ಆ ನಿಷ್ಠೆಯನ್ನು ನೃಪತುಂಗ ಮರೆಯಲಿಲ್ಲ. ಬನವಾಸಿ ನಾಡಿನ ಆಡಳಿತ ಅವನ ಮನೆತನಕ್ಕೆ ಬಂತು. 860ರ ಅಕ್ಟೋಬರಿನ ಚಂದ್ರಗ್ರಹಣದ ದಿನ ಬಂಕೆಯ ಕಟ್ಟಿಸಿದ ಬಸದಿಗೆ ಅರಸ ಊರೊಂದನ್ನು ದತ್ತಿ ಬಿಟ್ಟ ಸಂಗತಿಯೂ ಅದೇ ಶಾಸನದಲ್ಲಿದೆ.

ಅವನ ಮಗ ಲೋಕಾದಿತ್ಯನ ಕಾಲಕ್ಕೆ ಬಂಕಾಪುರ ಕತ್ತಿಯ ಊರಷ್ಟೇ ಆಗಿ ಉಳಿಯದೆ ಗ್ರಂಥದ ಊರೂ ಆಯಿತು. ನೃಪತುಂಗನ ಗುರು ಜಿನಸೇನಾಚಾರ್ಯರು ಮಹಾಪುರಾಣವನ್ನು ಮುಗಿಸದೆ ತೀರಿಕೊಂಡರು. ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಅದನ್ನು ತುಂಬಿಕೊಟ್ಟರು. ಆ ಗ್ರಂಥಕ್ಕೆ ಪೂಜೆ ನಡೆದದ್ದು ಶಕ 820ರಲ್ಲಿ, ಅಂದರೆ 898ರ ಸುಮಾರಿಗೆ, ಈ ಬಂಕಾಪುರದಲ್ಲಿ. ತಂದೆಯ ಹೆಸರಿನ ಈ ಊರು ಊರುಗಳಲ್ಲೇ ಮಿಗಿಲಾದದ್ದು ಎಂಬ ಅರ್ಥದ ಮಾತು ಅದರ ಪ್ರಶಸ್ತಿಯಲ್ಲಿದೆ.

ಇನ್ನೊಂದು ಸಾವಿನ ಸಂಗತಿ. ಗಂಗ ಅರಸ ಇಮ್ಮಡಿ ಮಾರಸಿಂಹ ರಾಷ್ಟ್ರಕೂಟರ ಕೊನೆಗಾಲದಲ್ಲಿ ಅವರ ಬೆನ್ನಿಗೆ ನಿಂತು ಬದುಕಿಡೀ ಯುದ್ಧ ಮಾಡಿದವನು. ಚಾವುಂಡರಾಯನಂಥವನು ಅವನ ಮಂತ್ರಿ. ರಾಷ್ಟ್ರಕೂಟರ ಸಿಂಹಾಸನ ಉಳಿಯುವುದಿಲ್ಲ ಎಂದು ಕಂಡ ಮೇಲೆ ರಾಜ್ಯವನ್ನು ಬಿಟ್ಟು ಬಂಕಾಪುರಕ್ಕೆ ಬಂದ. ಇಲ್ಲಿದ್ದ ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ಸಲ್ಲೇಖನ ವ್ರತ ಹಿಡಿದು, 974ರ ಸುಮಾರಿಗೆ ದೇಹ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬ ಇದನ್ನು ಹೇಳುತ್ತದೆ. ಅದೇ ಅಜಿತಸೇನರು ಕವಿ ರನ್ನನಿಗೂ ಗುರು. ಬಳೆಗಾರರ ಮನೆಯ ಹುಡುಗ ಮುಧೋಳದಿಂದ ವಿದ್ಯೆ ಅರಸಿ ಹೊರಟವನು ಕೊನೆಗೆ ಕೂತು ಕಲಿತದ್ದು ಇವರ ಮುಂದೆ. ಯುದ್ಧದಿಂದ ದಣಿದ ಅರಸನಿಗೂ ವಿದ್ಯೆಗೆ ಹಸಿದ ಹುಡುಗನಿಗೂ ಆಸರೆಯಾದವರು ಒಬ್ಬರೇ.

ಚಾಲುಕ್ಯರ ಕಾಲದಲ್ಲಿ ಹಾನಗಲ್ ಕದಂಬರು ಇಲ್ಲಿದ್ದರು. 1055ರ ಶಾಸನ ಇಲ್ಲೇ ಇದೆ. ಮುಂದೆ ಆರನೆಯ ವಿಕ್ರಮಾದಿತ್ಯ ಎಂದು ಹೆಸರಾದ ರಾಜಕುಮಾರ ಗಂಗವಾಡಿ ಮತ್ತು ಬನವಾಸಿಗಳನ್ನು ಆಳುತ್ತಿದ್ದಾಗ ಅವನ ಕೈಕೆಳಗೆ ಕದಂಬ ಹರಿಕೇಸರಿ ಬನವಾಸಿ ಹನ್ನೆರಡು ಸಾವಿರವನ್ನು ನೋಡಿಕೊಳ್ಳುತ್ತಿದ್ದ ಎಂಬುದು ಅದರ ಸಾರ. ಆಮೇಲೆ ಬಂದವನು ಹೊಯ್ಸಳ ವಿಷ್ಣುವರ್ಧನ. ಬೇಲೂರಿನ ಚೆನ್ನಕೇಶವನನ್ನು ಕಟ್ಟಿಸಿದ ಈ ಅರಸ ಕೊನೆಗಾಲದಲ್ಲಿ ಹೆಚ್ಚಾಗಿ ಇದ್ದದ್ದು ಇಲ್ಲಿ, ತೀರಿಕೊಂಡದ್ದೂ ಇಲ್ಲಿ. ವರ್ಷದ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ, ಊರಿನ ವಿಷಯದಲ್ಲಿ ಬಂದಿದ್ದಾರೆ.

ಆ ಕಾಲದಲ್ಲಿ ಎದ್ದದ್ದು ಕೋಟೆಯೊಳಗಿನ ನಗರೇಶ್ವರ. ಅರವತ್ತು ಕಂಬದ ಗುಡಿ ಎಂದು ಕರೆಯುವುದು ರೂಢಿ. ನೆಲ ಮೇಲೆದ್ದು ಗುಡಿ ತಗ್ಗಿನಲ್ಲಿ ಉಳಿದಿರುವುದರಿಂದ ಮೆಟ್ಟಿಲಿಳಿದು ಹೋಗಬೇಕು. ಇಳಿದರೆ ಹೊರಗಿನ ಬಿಸಿಲು, ಧೂಳು, ನವಿಲಿನ ಕೂಗು ಎಲ್ಲ ಮೇಲೆಯೇ ನಿಲ್ಲುತ್ತವೆ. ನಾನು ಒಂದು ಕಂಬದ ಹತ್ತಿರ ಕೂತು ಅದನ್ನು ಬೆರಳಿನಿಂದ ಸವರಿ ನೋಡಿದೆ. ಬಳಪದ ಕಲ್ಲು, ಮೆತ್ತಗಿನ ಜಾತಿ. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದ ಕೆಲಸ ಅದು, ಬಡಿಗ ತೊಟ್ಟಿಲಿನ ಕಾಲನ್ನು ಕಡೆಯುವ ಹಾಗೆ. ಗಂಟೆಯಾಕಾರದ ಭಾಗದ ಮೇಲೆ ದಾರದಷ್ಟು ತೆಳುವಾದ ಬಳೆಗಳು ಒಂದರ ಮೇಲೊಂದು ಎದ್ದಿವೆ. ಉಗುರು ಅವುಗಳ ಸಂದಿನಲ್ಲಿ ಸಿಕ್ಕುತ್ತದೆ, ಎಲ್ಲೂ ಒರಟು ತಾಗುವುದಿಲ್ಲ. ಕಂಬದ ಹೊಳಪಿನಲ್ಲಿ ಬಾಗಿಲ ಬೆಳಕಿನ ಉದ್ದನೆಯ ಗೆರೆ ಬಿದ್ದಿತ್ತು, ನಾನು ಸರಿದಾಗ ಅದೂ ಸರಿಯಿತು. ಸುಮಾರು ಒಂಬೈನೂರು ವರ್ಷದ ಹೊಳಪು ಅದು. ತುಸು ಎತ್ತರದಲ್ಲಿ ಮುಖ ಕಳೆದುಕೊಂಡ ಶಿಲ್ಪಗಳಿವೆ. ಒಡೆದ ಜಾಗ ಮಾತ್ರ ಇನ್ನೂ ಒರಟಾಗಿಯೇ ಇದೆ.

ವಿಜಯನಗರದ ಕಾಲಕ್ಕೆ ಬಂದರೆ ಬಂಕಾಪುರ ಎರಡು ದೊಡ್ಡ ರಾಜ್ಯಗಳ ನಡುವಿನ ಗಡಿ. ಮೊದಲನೆಯ ದೇವರಾಯನನ್ನು ಸೋಲಿಸಿದ ಬಹಮನಿ ಫಿರೋಜ್ ಷಾ 1406ರ ಸುಮಾರಿಗೆ ಅವನ ಮಗಳನ್ನು ಮದುವೆಯಾದಾಗ ಬಂಕಾಪುರವನ್ನು ಬಳುವಳಿಯಾಗಿ ಪಡೆದ ಎಂದು, ಬಿಜಾಪುರದ ಆಸ್ಥಾನದಲ್ಲಿ ಪಾರಸಿಯಲ್ಲಿ ಇತಿಹಾಸ ಬರೆದ ಫೆರಿಷ್ತಾ ಹೇಳಿದ್ದಾನೆ. ಮುಂದೆ ಅದು ತಿರುಗಿ ವಿಜಯನಗರಕ್ಕೆ ಬಂತು. ಇದೇ ಬಂಕಾಪುರ ಸೀಮೆಯ ಬಾಡದಲ್ಲಿ ದಣ್ಣಾಯಕ ಬೀರಪ್ಪನ ಮಗ ತಿಮ್ಮಪ್ಪ ಹುಟ್ಟಿದ, ಕತ್ತಿ ಹಿಡಿದು ಕಾದಿದ, ಗಾಯಗೊಂಡು ಬದುಕಿ ಉಳಿದು ಕನಕದಾಸನಾದ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಇನ್ನು ಆ ಹದಿನೈದು ತಿಂಗಳು.

1565ರಲ್ಲಿ ರಕ್ಕಸಗಿ–ತಂಗಡಗಿಯ ಬಯಲಿನಲ್ಲಿ ಅಳಿಯ ರಾಮರಾಯ ಬಿದ್ದ, ವಿಜಯನಗರ ಸುಟ್ಟಿತು. ಅರಸುಮನೆತನ ಪೆನುಕೊಂಡೆಗೆ ಹೋಗಿ ನಿಂತಿತು. ಪಡುವಲ ಸೀಮೆಯ ಕೋಟೆಗಳಲ್ಲಿದ್ದ ಅಧಿಕಾರಿಗಳು ತಮ್ಮ ತಮ್ಮ ಕೋಟೆಗೆ ತಾವೇ ದೊರೆಗಳಾದರು. ಬಂಕಾಪುರದಲ್ಲಿ ಹಾಗೆ ನಿಂತವನು ವೇಲಪ್ಪ. ಪಾರಸಿ ಲಿಪಿಯಲ್ಲಿ ಹಾಯ್ದು ಬಂದ ಹೆಸರಾದ್ದರಿಂದ ಬಿಲಪ್ಪ, ವೆಲಪ ಎಂದೆಲ್ಲ ಓದುತ್ತಾರೆ. ಹಿಂದೆ ರಾಮರಾಯನ ಸೇವಕನಾಗಿದ್ದವನು, ಒಡೆಯ ಸತ್ತ ಮೇಲೆ ಸ್ವತಂತ್ರನಾದ ಎಂದು ಫೆರಿಷ್ತಾ ಹೇಳುತ್ತಾನೆ. ಅರಸು ಮನೆತನದಲ್ಲಿ ಹುಟ್ಟದೆ ತನ್ನ ಯೋಗ್ಯತೆಯಿಂದಲೇ ಕೋಟೆಯ ಒಡೆತನಕ್ಕೆ ಬಂದವನು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಚಂದ್ರಗುತ್ತಿಯ ಕಡೆಯ ಮಲೆನಾಡ ನಾಯಕರೂ ಅವನಿಗೆ ಕಪ್ಪ ಕೊಡುತ್ತಿದ್ದರು.

ಬಿಜಾಪುರದಲ್ಲಿ ಒಂದನೆಯ ಅಲಿ ಆದಿಲ್ ಷಾ ಆಳುತ್ತಿದ್ದ. ಇವನದೊಂದು ಹಳೆಯ ಕಥೆ ಇದೆ. ಪಟ್ಟಕ್ಕೆ ಬಂದ ಹೊಸದರಲ್ಲಿ, ರಾಮರಾಯನ ಮಗನೊಬ್ಬ ತೀರಿಕೊಂಡನೆಂದು ಕೇಳಿ, ಕೆಲವೇ ಜನರೊಂದಿಗೆ ವಿಜಯನಗರಕ್ಕೆ ಹೋಗಿ ಸಮಾಧಾನ ಹೇಳಿ ಬಂದವನು ಇವನು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳಂತೆ. ಆ ಸುಲ್ತಾನನೇ ಮುಂದೆ ರಾಮರಾಯನ ವಿರುದ್ಧದ ಕೂಟದಲ್ಲಿ ಸೇರಿದ, 1573ರಲ್ಲಿ ಧಾರವಾಡದ ಕೋಟೆಯನ್ನು ಹಿಡಿದ, ಆಮೇಲೆ ಬಂಕಾಪುರದತ್ತ ತಿರುಗಿದ. ಮುತ್ತಿಗೆಯ ಹೊಣೆ ಹೊತ್ತವನು ಪರ್ಷಿಯಾದ ಅರ್ದಿಸ್ತಾನದಿಂದ ಬಂದಿದ್ದ ಮುಸ್ತಫಾ ಖಾನ್.

ವೇಲಪ್ಪ ಪೆನುಕೊಂಡೆಗೆ ಓಲೆ ಬರೆದ. ತಾನು ಮಾಡಿದ್ದು ತಪ್ಪು, ಇನ್ನು ಮುಂದೆ ಅಡಿಯಾಳಾಗಿ ಕಪ್ಪ ಕೊಡುತ್ತೇನೆ, ನೆರವು ಕಳಿಸಬೇಕು ಎಂಬುದು ಓಲೆಯ ಒಕ್ಕಣೆ. ಬಂದ ಉತ್ತರವನ್ನು ಫೆರಿಷ್ತಾ ವಿವರವಾಗಿ ಕೊಡುತ್ತಾನೆ. ನೀನು ತಿರುಗಿಬಿದ್ದುದನ್ನು ನೋಡಿ ಉಳಿದವರೂ ತಿರುಗಿಬಿದ್ದರು, ಪೆನುಕೊಂಡೆ, ಚಂದ್ರಗಿರಿಗಳನ್ನು ಉಳಿಸಿಕೊಳ್ಳುವುದೇ ನಮಗೆ ಕಷ್ಟವಾಗಿದೆ, ಆದರೂ ನೆರೆಯ ನಾಯಕರಿಗೆಲ್ಲ ನಿನ್ನ ಬೆನ್ನಿಗೆ ನಿಲ್ಲಲು ಹೇಳಿದ್ದೇವೆ. ನಿನ್ನ ಜನ ರಾತ್ರಿ ಹೊತ್ತು ಶತ್ರುವಿನ ಪಾಳೆಯಕ್ಕೆ ನುಗ್ಗಲಿ, ಕಾಳು–ಮೇವಿನ ದಾರಿ ಕಡಿಯಲಿ ಎಂಬುದು ಅದರ ತಾತ್ಪರ್ಯ. ದಂಡು ಬರಲಿಲ್ಲ, ಬುದ್ಧಿಮಾತು ಬಂತು. ಒಂದು ಸಾಮ್ರಾಜ್ಯ ಒಳಗಿಂದ ಹೇಗೆ ಸತ್ತಿತ್ತು ಎಂದು ತಿಳಿಯಲು ನನಗೆ ಹಂಪಿಯ ಹಾಳಿಗಿಂತ ಈ ಉತ್ತರ ಹೆಚ್ಚು ಹೇಳುತ್ತದೆ.

ವೇಲಪ್ಪ ಸಿಕ್ಕ ಬುದ್ಧಿಮಾತನ್ನೇ ಆಯುಧ ಮಾಡಿಕೊಂಡ. ಮಗನಿಗೆ ಒಂದು ಸಾವಿರ ಕುದುರೆ, ಹತ್ತು ಸಾವಿರ ಕಾಲಾಳು ಕೊಟ್ಟು ಕೋಟೆಯ ಹೊರಗೆ ಕಾಡು–ಗುಡ್ಡಗಳ ಕಡೆಗೆ ಕಳಿಸಿದ. ಬಿಜಾಪುರದ ಪಾಳೆಯಕ್ಕೆ ಬರುವ ದವಸದ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮುತ್ತಿದವರೇ ಹೊರಗಿನಿಂದ ಮುತ್ತಿಗೆಗೆ ಒಳಗಾದರು. ಪಾಳೆಯದಲ್ಲಿ ಕಾಳಿನ ಬೆಲೆ ಏರಿತು.

ರಾತ್ರಿಗಳದು ಬೇರೆಯೇ ಕಥೆ. ಕನ್ನಡ ಸೀಮೆಯ ಕಾಲಾಳುಗಳು ಮೈಮೇಲೆ ಬಟ್ಟೆಯಿಲ್ಲದೆ, ಹಿಡಿದರೆ ಕೈಗೆ ಸಿಗದೆ ಜಾರಿಕೊಳ್ಳಲೆಂದು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಕಠಾರಿ ಹಿಡಿದು ಪಾಳೆಯಕ್ಕೆ ನುಸುಳುತ್ತಿದ್ದರು. ಗುಡಾರದೊಳಗೆ ಹೊಕ್ಕು ಮಲಗಿದವರನ್ನು ಇರಿದು ಕತ್ತಲಲ್ಲಿ ಕರಗಿಹೋಗುತ್ತಿದ್ದರು. ಪ್ರಾಣದ ಹಂಗು ಅವರಿಗೆ ಇರಲಿಲ್ಲ ಎನ್ನುತ್ತಾನೆ ಫೆರಿಷ್ತಾ. ಅವನು ಬಿಜಾಪುರಕ್ಕೆ ಬಂದದ್ದು 1589ರಲ್ಲಿ. ಆ ಪಾಳೆಯದಲ್ಲಿ ಮಲಗಿ ಬದುಕಿ ಬಂದವರು ಆಗಿನ್ನೂ ಬಿಜಾಪುರದಲ್ಲಿ ಇದ್ದಿರಲೇಬೇಕು. ಎಣ್ಣೆ ಮೈಯ ಈ ವಿವರ ಆಸ್ಥಾನದ ಹೊಗಳಿಕೆಯಿಂದ ಹುಟ್ಟಿದ್ದಲ್ಲ, ಅವರ ಬಾಯಿಂದ ಬಂದದ್ದು ಎಂದು ನನಗೆ ಅನಿಸುತ್ತದೆ. ಹೆದರಿದವನು ಮಾತ್ರ ನೆನಪಿಟ್ಟುಕೊಳ್ಳುವಂಥ ವಿವರ ಅದು.

ನಗರೇಶ್ವರದ ಕಂಬದ ಹತ್ತಿರ ಕೂತಾಗ ನನ್ನ ಮನಸ್ಸಿಗೆ ಬಂದವರು ಈ ಹುಡುಗರೇ. ಯಾವ ಊರಿನವರು ಅವರು? ಹಾನಗಲ್, ಬಾಡ, ಕಾಗಿನೆಲೆ, ನಮ್ಮ ಹಂಸಭಾವಿಯ ಸುತ್ತಲಿನ ಹಳ್ಳಿಗಳವರು? ಸಂಜೆ ಯಾರದೋ ಮನೆಯ ಗಾಣದ ಎಣ್ಣೆ ಮೈಗೆ ಹಚ್ಚಿಕೊಂಡು ಹೊರಟವರಲ್ಲಿ ಎಷ್ಟು ಜನ ಬೆಳಗಿಗೆ ಮರಳಿದರು? ಅವರಿಗಾಗಿ ಒಂದು ವೀರಗಲ್ಲನ್ನು ನಿಲ್ಲಿಸಲು ಕೂಡ ಊರುಗಳಲ್ಲಿ ನೆಮ್ಮದಿ ಉಳಿದಿರಲಿಲ್ಲ.

ಮುಸ್ತಫಾ ಖಾನ್ ದಡ್ಡನಲ್ಲ. ದವಸದ ದಾರಿ ಬಿಡಿಸಲು ಆರು ಸಾವಿರ ಬರ್ಗಿ ಸವಾರರನ್ನು ಹೊರಗಟ್ಟಿದ. ರಾತ್ರಿ ಪಾಳೆಯದ ಸುತ್ತ ಎಂಟು ಸಾವಿರ ಕಾಲಾಳುಗಳನ್ನು ಬೇಲಿಯ ಹಾಗೆ ನಿಲ್ಲಿಸಿದ. ಈ ಬರ್ಗಿಗಳು ಮರಾಠಾ ಸವಾರರು ಎಂಬುದನ್ನು ಮರೆಯಬಾರದು. ಬಿಜಾಪುರದ ಸುಲ್ತಾನ, ಪರ್ಷಿಯಾದ ಸೇನಾಪತಿ, ಮರಾಠಾ ಕುದುರೆ ಒಂದು ಕಡೆ. ನೆರವು ಕೇಳಿದರೆ ಉಪದೇಶ ಕಳಿಸಿದ ಪೆನುಕೊಂಡೆ ಇನ್ನೊಂದು ಕಡೆ. ಈ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಒಂದೇ ಸಾಲಿನಲ್ಲಿ ಮುಗಿಸುವವರು ಆ ಪಾಳೆಯದಲ್ಲಿ ಯಾರು ಯಾರಿದ್ದರು ಎಂದು ಒಮ್ಮೆ ಎಣಿಸಿ ನೋಡಬೇಕು.

ಮಳೆಗಾಲ ಬಂತು, ಹೋಯಿತು. ಕೋಟೆ ಬೀಳಲಿಲ್ಲ. ಒಂದು ವರ್ಷ ಮೂರು ತಿಂಗಳು ಹೀಗೇ ನಡೆಯಿತು. ಕೊನೆಗೆ ವೇಲಪ್ಪನ ಮಗ ತೀರಿಕೊಂಡ. ಹೊರಗಿನ ಕೈ ಮುರಿದುಹೋಯಿತು. ಒಳಗಿದ್ದವರು ಕಂಗೆಟ್ಟರು. ಹೆಂಡತಿ ಮಕ್ಕಳು, ಸಾಮಾನು ಸರಂಜಾಮುಗಳ ಸಮೇತ ಹೊರಟುಹೋಗಲು ಬಿಡಬೇಕು ಎಂಬ ಕರಾರಿನ ಮೇಲೆ ಕೋಟೆಯನ್ನು ಒಪ್ಪಿಸಿದರು. ಬಿಜಾಪುರದವರು ಆ ಮಾತಿಗೆ ಒಪ್ಪಿದರು. 1575ರ ಸುಮಾರಿನ ಒಂದು ದಿನ ಬಂಕಾಪುರದ ಬಾಗಿಲು ಒಳಗಿನಿಂದಲೇ ತೆರೆಯಿತು. ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಮಾಧಾನ ಹೇಳಲು ಒಂದು ಕಾಲಕ್ಕೆ ಅಷ್ಟು ದೂರ ಹೋಗಿದ್ದ ಅಲಿ ಆದಿಲ್ ಷಾನಿಗೆ, ಮಗನನ್ನು ಕಳೆದುಕೊಂಡ ಇನ್ನೊಬ್ಬ ತಂದೆ ಆ ದಿನ ಕೋಟೆ ಬಿಟ್ಟುಕೊಟ್ಟ.

ಕೋಟೆಯೊಳಗಿನ ಭವ್ಯವಾದ ಒಂದು ದೇವಾಲಯವನ್ನು ಕೆಡವಿಸಿ, ಆ ಜಾಗದಲ್ಲಿ ಸುಲ್ತಾನ ತಾನೇ ಮಸೀದಿಗೆ ಅಡಿಗಲ್ಲು ಇಟ್ಟ ಎಂದು ಫೆರಿಷ್ತಾ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ನಗರೇಶ್ವರದ ಶಿಲ್ಪಗಳ ಮುಖ ನೋಡಿದವರಿಗೆ ಆ ಮಾತು ಬರೀ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಆದದ್ದನ್ನು ಆಯಿತು ಎಂದೇ ಹೇಳಬೇಕು. ಮುಂದಿನ ಪುಟವನ್ನೂ ಓದಬೇಕು.

ಮುಂದಿನ ಪುಟ ಮುಸ್ತಫಾ ಖಾನನದು. ಚಂದ್ರಗುತ್ತಿಯ ಕಡೆಗೂ ಗೆಲುವು ಸಾಧಿಸಿ ಬಂದ ಅವನಿಗೆ ಬಂಕಾಪುರದ ಅಧಿಕಾರವೇ ಇನಾಮಾಗಿ ಬಂತು. 1580ರಲ್ಲಿ ಅಲಿ ಆದಿಲ್ ಷಾ ಬಿಜಾಪುರದಲ್ಲಿ ಕೊಲೆಯಾದ. ಬಾಲಕ ಇಬ್ರಾಹಿಂ ಪಟ್ಟಕ್ಕೆ ಬಂದ, ಅಲಿಯ ರಾಣಿ ಚಾಂದಬೀಬಿ ಅವನ ಬೆಂಗಾವಲಾಗಿ ನಿಂತಳು. ಆಡಳಿತವನ್ನು ಕಿತ್ತುಕೊಂಡ ಕಿಶ್ವರ್ ಖಾನನಿಗೆ ದೂರದ ಬಂಕಾಪುರದಲ್ಲಿ ಕೂತ ಈ ಹಳೆಯ ಸೇನಾಪತಿಯ ಭಯ. ಸುಳ್ಳು ಆಜ್ಞೆ ಕಳಿಸಿ ಬಂಕಾಪುರದಲ್ಲೇ ಅವನನ್ನು ಕೊಲ್ಲಿಸಿದ. ಇದನ್ನು ಖಂಡಿಸಿ ಸಿಡಿದೆದ್ದ ಚಾಂದಬೀಬಿಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ. ಜನ ತಿರುಗಿಬಿದ್ದರು, ಕಿಶ್ವರ್ ಖಾನ್ ಗೋಲ್ಕೊಂಡಕ್ಕೆ ಓಡಿದ. ಅಲ್ಲಿ ಅರ್ದಿಸ್ತಾನದವನೊಬ್ಬ ತನ್ನ ನಾಡಿನ ಮುಸ್ತಫಾ ಖಾನನ ಸೇಡಿಗಾಗಿ ಅವನನ್ನು ಇರಿದು ಕೊಂದ. ಹದಿನೈದು ತಿಂಗಳು ಹೊಡೆದಾಡಿ ಗೆದ್ದ ಕೋಟೆ ಗೆದ್ದವನನ್ನು ಆರೇಳು ವರ್ಷವೂ ಕಾಯಲಿಲ್ಲ.

ಮುಂದಿನ ಇನ್ನೂರೈವತ್ತು ವರ್ಷಗಳನ್ನು ಬೇಗ ಹೇಳಬಹುದು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಪಠಾಣ ಸರದಾರ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರ, ತೊರಗಲ್ಲು, ಆಜಮ್‌ನಗರಗಳ ಇಪ್ಪತ್ತೆರಡು ಮಹಲುಗಳ ಜಹಗೀರು ಸಿಕ್ಕಿತು. ಅವನು ಬಂಕಾಪುರವನ್ನು ಬಿಟ್ಟು ಸವಣೂರಿನಲ್ಲಿ ನವಾಬನಾಗಿ ನೆಲೆನಿಂತ. ಬಂಕಾಪುರ ಖಾಲಿಯಾಗತೊಡಗಿದ್ದು ಆ ದಿನದಿಂದ. ಅರಸನ ಜೊತೆ ಅಂಗಡಿಕಾರರು, ಕಮ್ಮಾರರು, ಅತ್ತರಿನವರು, ಎಲೆ ಮಾರುವವರು ಎಲ್ಲ ಹೋಗುತ್ತಾರೆ. ಇಂದಿಗೂ ನಮ್ಮ ಕಡೆ ಎಲೆ ಎಂದರೆ ಸವಣೂರಿನ ಎಲೆಯೇ ಅಲ್ಲವೇ? 1756ರಲ್ಲಿ ಪೇಶ್ವೆಯೂ ನಿಜಾಮನೂ ಫ್ರೆಂಚರ ಬುಸ್ಸಿಯೂ ಒಟ್ಟಾಗಿ ಮುತ್ತಿದ್ದು ಸವಣೂರನ್ನು. 1764ರಲ್ಲಿ ಮಾಧವರಾವ್ ಪೇಶ್ವೆ ಹೈದರಾಲಿಯನ್ನು ಸೋಲಿಸಿದ್ದು ನಮ್ಮ ಹಂಸಭಾವಿಯ ನೆರೆಯ ರಟ್ಟೀಹಳ್ಳಿಯಲ್ಲಿ. ಬಂಕಾಪುರ ಆಗೀಗ ಅವರಿವರ ಕೈಗೆ ಹೋಗಿ ಬಂದ ಒಂದು ಹೆಸರಾಗಿ ಉಳಿಯಿತು. 1802ರ ವಸಯಿ ಒಪ್ಪಂದದಲ್ಲಿ ಪೇಶ್ವೆ ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಮರುವರ್ಷ ಅವರು ಬುಂದೇಲಖಂಡವನ್ನು ತೆಗೆದುಕೊಂಡು ಸವಣೂರು, ಬಂಕಾಪುರಗಳನ್ನು ತಿರುಗಿ ಕೊಟ್ಟರು. ವೇಲಪ್ಪನ ಹುಡುಗರು ಮೈಗೆ ಎಣ್ಣೆ ಹಚ್ಚಿಕೊಂಡು ಕಾದ ನೆಲ ಎಲ್ಲಿಯೋ ದೂರದ ಕಾಗದದ ಮೇಲೆ ಹೀಗೆ ಅದಲುಬದಲಾಯಿತು.

ಕಂಪನಿ ಸರಕಾರ ಬಂದ ಮೇಲೆ ಧಾರವಾಡ ಜಿಲ್ಲೆಯಲ್ಲಿ ಬಂಕಾಪುರ ತಾಲೂಕು ಎಂದಾಯಿತು, ಅದರ ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಮುಂದೆ ಹೆಸರೂ ಶಿಗ್ಗಾವಿಗೇ ಹೋಯಿತು. ಹಾಗಾಗಿ ಬಂಕಾಪುರ ಹಾಳಾದದ್ದು 1575ರಲ್ಲಿ ಎಂದು ನಾನು ಒಪ್ಪುವುದಿಲ್ಲ. ಫಿರಂಗಿ ಅದನ್ನು ಗಾಯಗೊಳಿಸಿತು, ನಿಜ. ಬರಿದು ಮಾಡಿದ್ದು ನವಾಬನ ಮನೆ ಬದಲಾವಣೆ ಮತ್ತು ಕಚೇರಿಯ ಮೇಜಿನ ಬದಲಾವಣೆ. ಅವು ಸದ್ದು ಮಾಡದೆ ನಡೆಯುವುದರಿಂದ ಅವಕ್ಕೆ ವೀರಗಲ್ಲೂ ಇರುವುದಿಲ್ಲ, ಪಾರಸಿ ಗ್ರಂಥವೂ ಇರುವುದಿಲ್ಲ.

ಬರಿದಾದ ಕೋಟೆಯನ್ನು ತುಂಬಿದವು ದನ ಮತ್ತು ನವಿಲು. ಕೋಟೆಯ ಬಯಲಿನಲ್ಲಿ ಖಿಲಾರಿ ತಳಿಯ ಸರಕಾರಿ ಕೇಂದ್ರ ನಡೆಯುತ್ತಿದೆ. ಬಿಳಿ ಮೈ, ನೀಳವಾಗಿ ಹಿಂದಕ್ಕೆ ಬಾಗಿದ ಕೊಂಬು, ಓಟಕ್ಕೂ ಗಳೇವಿಗೂ ಹೆಸರಾದ ತಳಿ. ದನಗಳಿಗೆ ಬೆಳೆದ ಮೇವು–ಕಾಳು, ಕಂದಕದ ಮುಳ್ಳುಪೊದೆಯ ಮರೆ, ಕಲ್ಲು ಹೊಡೆಯುವವರಿಲ್ಲದ ನೆಮ್ಮದಿ, ಇವು ಮೂರೂ ಒಟ್ಟಿಗೆ ಸಿಕ್ಕಿದ್ದರಿಂದ ನವಿಲುಗಳು ಹೆಚ್ಚಿದವು. 2006ರಲ್ಲಿ ಸರಕಾರ ಇಲ್ಲಿನ 139 ಎಕರೆಯನ್ನು ನವಿಲುಧಾಮವೆಂದು ಘೋಷಿಸಿತು. ಶತ್ರು ದಾಟಬಾರದೆಂದು ತೋಡಿದ ಕಂದಕ ಈಗ ಮೊಟ್ಟೆಯ ಮೇಲೆ ಕೂತ ಹೆಣ್ಣು ನವಿಲನ್ನು ಕಾಯುತ್ತಿದೆ.

ನಾನು ಮಧ್ಯಾಹ್ನದವರೆಗೂ ಕೋಟೆಯ ಸುತ್ತ ಅಡ್ಡಾಡಿದೆ. ಬಂಕೆಯನ ಹೆಸರು ಊರಿನ ಹೆಸರಿನಲ್ಲೇ ಇದೆ, ಹರಿಕೇಸರಿಯ ಹೆಸರು ಶಾಸನದಲ್ಲಿದೆ, ಕನಕನಿಗೆ ಬಾಡದಲ್ಲಿ ಅರಮನೆಯನ್ನೇ ಕಟ್ಟಿದ್ದಾರೆ. ವೇಲಪ್ಪನ ಹೆಸರು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಬಂಕಾಪುರದವರಲ್ಲಿ, ಶಿಗ್ಗಾವಿ, ಹಾನಗಲ್, ಸವಣೂರು, ಹಿರೇಕೆರೂರಿನ ಶಾಲೆಗಳ ಗುರುಗಳಲ್ಲಿ ನನ್ನದೊಂದು ಕೇಳಿಕೆ ಇದೆ. ಮಕ್ಕಳನ್ನು ನವಿಲು ನೋಡಲು ಕರೆದುಕೊಂಡು ಬಂದಾಗ ಅರ್ಧ ತಾಸು ಕಂದಕದ ದಂಡೆಯಲ್ಲಿ ಕೂಡಿಸಿ ಆ ಹದಿನೈದು ತಿಂಗಳ ಕಥೆ ಹೇಳಿರಿ. ನಮ್ಮ ಸೀಮೆಯಲ್ಲಿ ಇನ್ನೂ ಕಲ್ಲಿದೆ, ಕೆತ್ತುವವರೂ ಇದ್ದಾರೆ. ಹಾನಗಲ್ಲಿನ ಸೋಹಣಿಗೆ ನಿಲ್ಲಿಸಿದಂಥ ಮೂರು ಪಟ್ಟಿಯ ಒಂದು ಕಲ್ಲನ್ನು ಕೋಟೆಯ ಬಾಗಿಲಿನ ಹೊರಗೆ ನಿಲ್ಲಿಸಬೇಕು. ಕೆಳಗಿನ ಪಟ್ಟಿಯಲ್ಲಿ ಎಣ್ಣೆ ಬಳಿದ ಬರಿಮೈಯ ಹುಡುಗರಿರಲಿ. ವೇಲಪ್ಪನ ಹೆಸರು ಕನ್ನಡದಲ್ಲಿರಲಿ. ಅವನ ಮಗನ ಹೆಸರನ್ನು ಫೆರಿಷ್ತಾ ಬರೆದಿಡಲಿಲ್ಲ, ಅವನನ್ನು ವೇಲಪ್ಪನ ಮಗ ಎಂದೇ ಕೆತ್ತಿಸಬೇಕು.